ಎತ್ತಿದ ಭಾರದ ಕೆಳಗೆ ಯಾರ ತಲೆ?

ನಮ್ಮ ದಾವಣಗೆರೆಯ ಒಂದು ಗಿರಣಿಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಮುಂದಿಡಬೇಕಾಗಿದೆ. ಗಿರಣಿಯ ಹೆಸರನ್ನು ಬರೆಯುತ್ತಿಲ್ಲ. ಪರಿಹಾರದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಅಲ್ಲದೆ ನಾವು ಹೇಳಹೊರಟ ದೋಷ ಆ ಒಂದು ಗಿರಣಿಗೆ ಮಾತ್ರ ಅಂಟಿದ್ದೂ ಅಲ್ಲ.

ರಾತ್ರಿ ಪಾಳಿ. ಗೋದಾಮಿನಲ್ಲಿ ಅಂಡಿಗೆಗಳನ್ನೆತ್ತಿ ಲಾರಿಗೆ ಹೇರುವ ಫೋರ್ಕ್‌ಲಿಫ್ಟು ಭಾರ ಎತ್ತಿಕೊಂಡೇ ನಿಂತುಹೋಯಿತು. ಹೋಸ್ ಪೈಪಿನಲ್ಲಿ ಎಲ್ಲೋ ಎಣ್ಣೆ ಸೋರುತ್ತಿತ್ತು. ಎಂಜಿನ್ನನ್ನು ನಿಲ್ಲಿಸಿ, ಗುತ್ತಿಗೆದಾರನ ಕಡೆಯ ಫಿಟ್ಟರ್ ಹುಡುಗನನ್ನು ಕರೆಸಿದರು. ಹೊರಗೆ ಎರಡು ಲಾರಿ ಕಾಯುತ್ತಿದ್ದವು. ಭಾರ ಇಳಿಸಿಯೇ ನೋಡೋಣವೆಂದು ಅವನು ಹೇಳಿದನಂತೆ. ಅಂಡಿಗೆಗಳನ್ನು ಇಳಿಸಿ ಮತ್ತೆ ಹೇರುವಷ್ಟು ಹೊತ್ತಿಲ್ಲ, ಸೋರುವ ಜಾಗ ಹುಡುಕಿ ಬಿಗಿ ಮಾಡು ಸಾಕು ಎಂದು ಮೇಲಿನವರು ಹೇಳಿದರಂತೆ. ಬೆಳಕು ಮಂದ. ಅವನು ಬರಿಯ ಬೆರಳನ್ನು ಪೈಪಿನ ಉದ್ದಕ್ಕೂ ಸವರಿಕೊಂಡು ಹೋದ. ಎಲ್ಲರೂ ಹಾಗೆಯೇ ಮಾಡುತ್ತಾರೆ.

"ಸೂಜಿ ಚುಚ್ಚಿದಂಗಾತು ಸಾರ್, ಅಷ್ಟೆ. ರಕ್ತಾನೂ ಬರ್ಲಿಲ್ಲ," ಎಂದು ಆಸ್ಪತ್ರೆಯಲ್ಲಿ ಅವನೇ ನಮಗೆ ಹೇಳಿದ. ಗಾಯಕ್ಕೆ ಅರಿಸಿನ ಬಣ್ಣದ ಔಷಧಿ ಹಚ್ಚಿ, ಪಟ್ಟಿ ಸುತ್ತಿ, ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದ. ನೋವಿನಿಂದ ಎಚ್ಚರವಾದಾಗ ಅಂಗೈ ಬಾತು, ಬೆರಳು ಬೆಳ್ಳಗೆ ತಣ್ಣಗೆ ಆಗಿತ್ತು. ಆ ಆಸ್ಪತ್ರೆ, ಈ ಆಸ್ಪತ್ರೆ ಎಂದು ಅಲೆದು ಶಸ್ತ್ರಚಿಕಿತ್ಸೆ ಮಾಡುವವರ ಕೈಗೆ ಸೇರುವ ಹೊತ್ತಿಗೆ ಎರಡನೆಯ ರಾತ್ರಿ. ಎಡಗೈಯ ಎರಡು ಬೆರಳು ಹೋದವು. ಗಿರಣಿಯವರ ಕಾಗದದಲ್ಲಿ ಕಾರಣದ ಮುಂದೆ ಒಂದೇ ಮಾತು ಬರೆದಿದೆ: ಕಾರ್ಮಿಕನ ಅಜಾಗರೂಕತೆ.

ಈ ಮಾತಿನ ಬಗ್ಗೆಯೇ ನಾವು ಇಂದು ಬರೆಯಬೇಕಾಗಿದೆ. ಅದಕ್ಕೆ ಮೊದಲು ಯಂತ್ರದ ಮಾತನ್ನು ಸ್ವಲ್ಪ ಆಡಬೇಕು. ಅದು ತಿಳಿಯದೆ ಅಜಾಗರೂಕತೆ ಯಾರದೆಂದು ತೀರ್ಮಾನಿಸಲು ಬಾರದು.

ಒಂದು ಕಡೆ ಒತ್ತಿದ ಒತ್ತಡ ಮುಚ್ಚಿದ ಪಾತ್ರೆಯೊಳಗಿನ ದ್ರವದಲ್ಲಿ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆಂಬುದನ್ನು 17ನೆಯ ಶತಮಾನದ ಫ್ರೆಂಚ್ ಪಂಡಿತ ಪಾಸ್ಕಲ್ ಕಂಡುಕೊಂಡ. ಸಣ್ಣ ಕೊಳವೆಯಲ್ಲಿ ಒಬ್ಬ ಒತ್ತಿದರೆ ದೊಡ್ಡ ಕೊಳವೆಯಲ್ಲಿ ಹತ್ತಾರು ಪಾಲು ಬಲ ಹುಟ್ಟುತ್ತದೆಂಬ ಅದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ತನ್ನ ಒತ್ತುಯಂತ್ರಕ್ಕೆ ಪೇಟೆಂಟು ಪಡೆದ. ಹತ್ತಿಯನ್ನು ಒತ್ತಿ 170 ಕಿಲೋ ತೂಕದ ಅಂಡಿಗೆ ಕಟ್ಟುವ ಪ್ರೆಸ್ಸು, ಗ್ಯಾರೇಜಿನ ಎಣ್ಣೆ ಜಾಕಿ, ಜಲ್ಲಿ ಸುರಿಯುವ ಟಿಪ್ಪರು, ಮೆಕ್ಕೆಜೋಳ ಸುರಿಯುವ ಟ್ರ್ಯಾಕ್ಟರಿನ ಟ್ರೈಲರು, ಮಣ್ಣು ಅಗೆಯುವ ಜೆಸಿಬಿ, ಎಲ್ಲವೂ ಇದೇ ಸಂತಾನ. ಹತ್ತು ಹಮಾಲರು ಮಾಡುತ್ತಿದ್ದ ಕೆಲಸವನ್ನು ಒಂದು ಹಿಡಿಕೆ ಮಾಡುವುದಾದರೆ ಮನುಷ್ಯನ ಬೆನ್ನು ಉಳಿಯಿತೆಂದೇ ನಾವು ಸಂತೋಷಪಡುವವರು. ಆ ಹತ್ತು ಹಮಾಲರ ಕೂಲಿ ಯಾರ ಪೆಟ್ಟಿಗೆ ಸೇರಿತೆಂಬುದು ಬೇರೆ ಲೇಖನದ ವಿಷಯ.

ಈ ಯಂತ್ರದ ಗುಟ್ಟು, ಅಪಾಯ ಎರಡೂ ಒಂದೇ ಜಾಗದಲ್ಲಿವೆ. ಭಾರವನ್ನು ಎತ್ತುವುದು ಪಂಪು. ಎತ್ತಿದ ಮೇಲೆ ಅದನ್ನು ಹೊತ್ತು ನಿಲ್ಲುವುದು ಎಣ್ಣೆ. ಎಂಜಿನ್ ನಿಂತಾಗ ಪಂಪು ನಿಲ್ಲುತ್ತದೆಯೇ ಹೊರತು ಮೇಲಿರುವ ಭಾರ ಹಗುರಾಗುವುದಿಲ್ಲ. ಅದು ಕೆಳಗಿನ ಎಣ್ಣೆಯನ್ನು ಒತ್ತುತ್ತಲೇ ಇರುತ್ತದೆ. ಟೈರು ಅಂಗಡಿಯವರ ಲೆಕ್ಕದಲ್ಲಿಯೇ ಹೇಳೋಣ. ಲಾರಿಯ ಟೈರಿಗೆ 110 ಪೌಂಡು ಗಾಳಿ ಹಾಕುವಾಗ ರಿಂಗು ಹಾರೀತೆಂದು ಹೆದರಿ ಪಕ್ಕಕ್ಕೆ ನಿಲ್ಲದ ಟೈರುಗಾರನನ್ನು ನಾವು ಕಂಡಿಲ್ಲ. ಈಗ 50 ಚದರ ಸೆಂಟಿಮೀಟರ್ ಅಗಲದ ಪಿಸ್ಟನ್ನಿನ ಮೇಲೆ 5 ಟನ್ನು ಭಾರ ಕೂತಿದೆಯೆಂದುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋ ಆಯಿತು; ಟೈರಿನವರ ಭಾಷೆಯಲ್ಲಿ ಸುಮಾರು 1400 ಪೌಂಡು. ಫೋರ್ಕ್‌ಲಿಫ್ಟುಗಳು ಇದರ ಒಂದೂವರೆ ಪಾಲು, ಎರಡು ಪಾಲು ಒತ್ತಡದಲ್ಲಿ ಕೆಲಸ ಮಾಡುವುದುಂಟು; ಮಣ್ಣು ಅಗೆಯುವ ದೊಡ್ಡ ಯಂತ್ರಗಳಲ್ಲಿ 4000 ಪೌಂಡನ್ನು ದಾಟುವುದುಂಟು. 110 ಪೌಂಡಿಗೆ ಹಾರಿ ನಿಲ್ಲುವ ನಾವು 1400 ಪೌಂಡಿನ ಪೈಪನ್ನು ಹಸುವಿನ ಬಾಲ ಸವರಿದಂತೆ ಸವರುತ್ತೇವೆ. ಕಾರಣವಿಷ್ಟೆ: ಟೈರು ಉಬ್ಬುವುದು ಕಣ್ಣಿಗೆ ಕಾಣುತ್ತದೆ, ಪೈಪಿನ ಒತ್ತಡ ಕಾಣುವುದಿಲ್ಲ.

ಕೂದಲೆಳೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆಯ ಎಳೆ ಕೈಗವಸನ್ನೂ ಚರ್ಮವನ್ನೂ ಸೀಳಿಕೊಂಡು ಒಳಹೋಗುತ್ತದೆ. ಎಷ್ಟೋ ಸಲ ಆ ಎಳೆ ಕಣ್ಣಿಗೇ ಬೀಳದು. ಹೊರಗೆ ಕಾಣುವುದು ಒಂದು ಚುಕ್ಕೆ. ಒಳಗೆ ಎಣ್ಣೆ ಬೆರಳಿನ ನರ, ಸ್ನಾಯುಗಳ ಸಂದಿನಲ್ಲಿ ಹರಡಿ, ಬಾವು ರಕ್ತದ ಹಾದಿಯನ್ನು ಅದುಮಿ, ಮಾಂಸವನ್ನು ಕೊಳೆಸಲಾರಂಭಿಸುತ್ತದೆ. ಕೆಲವೇ ಗಂಟೆಗಳೊಳಗೆ ಕೈಯನ್ನು ಬಿಡಿಸಿ ತೊಳೆಯುವ ಶಸ್ತ್ರಚಿಕಿತ್ಸೆ ಆಗಬೇಕು. ತಡವಾದಷ್ಟೂ ಬೆರಳು ಉಳಿಯುವ ಆಸೆ ಕಡಿಮೆ. ಆದುದರಿಂದ ಯಾರಿಗಾದರೂ ಹೀಗಾದರೆ ನೋವಿಲ್ಲವೆಂದು ಸುಮ್ಮನಿರದೆ ನೇರವಾಗಿ ಶಸ್ತ್ರಚಿಕಿತ್ಸೆಯ ವ್ಯವಸ್ಥೆಯುಳ್ಳ ಆಸ್ಪತ್ರೆಗೆ ಕರೆದೊಯ್ಯಬೇಕು. "ಚುಚ್ಚಿಕೊಂಡಿದೆ" ಎನ್ನದೆ "ಪ್ರೆಶರಿನಲ್ಲಿದ್ದ ಎಣ್ಣೆ ಒಳಹೋಗಿದೆ" ಎಂದೇ ಹೇಳಬೇಕು. ಎಣ್ಣೆಯ ಡಬ್ಬಿಯ ಹೆಸರನ್ನೂ ಬರೆದುಕೊಂಡು ಹೋಗುವುದು ಒಳ್ಳೆಯದು. ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಮಗೂ ಅವನ ಹಾಸಿಗೆಯ ಪಕ್ಕದಲ್ಲಿ ನಿಂತಾಗಲೇ ವೈದ್ಯರಿಂದ ತಿಳಿದದ್ದು. ಇಷ್ಟು ವರ್ಷ ಕಾರ್ಮಿಕರ ಪತ್ರಿಕೆ ನಡೆಸಿ ಇದನ್ನು ಒಮ್ಮೆಯೂ ಅಚ್ಚು ಹಾಕದ ನಾಚಿಕೆ ನಮ್ಮದೂ ಹೌದು.

ಹಾಗಾದರೆ ಏನು ಮಾಡತಕ್ಕದ್ದು? ಪಾನಾ ಹಿಡಿಯುವ ಮೊದಲು ಭಾರ ನೆಲಕ್ಕೆ ಬರಬೇಕು. ಫೋರ್ಕ್‌ಲಿಫ್ಟಿನ ಮುಳ್ಳುಗಳು ನೆಲಕ್ಕೆ ತಾಗಬೇಕು, ಟಿಪ್ಪರಿನ ತೊಟ್ಟಿ ಚಾಸಿಯ ಮೇಲೆ ಕೂರಬೇಕು, ಜೆಸಿಬಿಯ ಬಕೆಟ್ಟು ಮಣ್ಣಿನ ಮೇಲೆ ಒರಗಬೇಕು. ಎಂಜಿನ್ ಕೆಟ್ಟು ನಿಂತಿದ್ದರೂ ಬಹುಪಾಲು ಹಳೆಯ ಫೋರ್ಕ್‌ಲಿಫ್ಟುಗಳಲ್ಲಿ ಇಳಿಸುವ ಹಿಡಿಕೆಯನ್ನು ಮೆಲ್ಲಗೆ ಒತ್ತಿದರೆ ಭಾರ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಅಂದು ಆ ಗೋದಾಮಿನಲ್ಲಿಯೂ ಇಳಿಯುತ್ತಿತ್ತು. ಇಳಿದ ಮೇಲೆ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕೆಲಸ ಮಾಡುವವನೇ ತನ್ನ ಜೇಬಿಗೆ ಹಾಕಿಕೊಳ್ಳಬೇಕು. ವಿದ್ಯುತ್ತಿನ ಯಂತ್ರವಾದರೆ ಮೆಯಿನ್ ಸ್ವಿಚ್ಚು ತೆಗೆದು ಬೀಗ ಹಾಕಬೇಕು. ಆಮೇಲೆ ಹಿಡಿಕೆಗಳನ್ನೆಲ್ಲ ಮುಂದಕ್ಕೂ ಹಿಂದಕ್ಕೂ ಕೆಲವು ಸಾರಿ ಆಡಿಸಬೇಕು. ಪೈಪುಗಳಲ್ಲಿ ಸಿಕ್ಕಿಕೊಂಡ ಒತ್ತಡ ಆಗ ಟ್ಯಾಂಕಿಗೆ ಹಿಂದಿರುಗುತ್ತದೆ. ಈಚಿನ ಯಂತ್ರಗಳಲ್ಲಿ ಹಿಡಿಕೆಯ ಕೆಲಸವೂ ವಿದ್ಯುತ್ತಿನಿಂದಲೇ ನಡೆಯುವುದರಿಂದ, ಎಂಜಿನ್ ಹಚ್ಚದೆ ಕೀಲಿಯನ್ನು ಮಾತ್ರ ತಿರುಗಿಸಿಟ್ಟು ಆಡಿಸಬೇಕಾಗುತ್ತದೆ. ಯಾವ ಯಂತ್ರಕ್ಕೆ ಯಾವ ಕ್ರಮವೆಂದು ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಸಾಮಾನ್ಯವಾಗಿ ಮಾಲಿಕರ ಕಪಾಟಿನಲ್ಲಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆಗೇ ತೆರೆಯದೆ, ಒಳಗಿನ ಗಾಳಿ ಉಸಿರು ಬಿಡುವವರೆಗೆ ನಿಧಾನವಾಗಿ ತಿರುಗಿಸಬೇಕು. ಕೆಲಸ ಮಾಡಿ ಬಂದ ಯಂತ್ರದ ಎಣ್ಣೆ ಕೈ ಸುಡುವಷ್ಟು ಕಾದಿರುತ್ತದೆಂಬುದನ್ನು ಮರೆಯಬಾರದು.

ಇಷ್ಟಾದರೂ ಎರಡು ಕಡೆ ಒತ್ತಡ ಅಡಗಿ ಕೂರಬಹುದು. ಭಾರ ಎತ್ತುವ ಅನೇಕ ಯಂತ್ರಗಳಲ್ಲಿ, ಪೈಪು ಒಡೆದರೂ ಭಾರ ಬೀಳದಿರಲೆಂದು ಸಿಲಿಂಡರಿನ ಬಾಯಿಯಲ್ಲಿಯೇ ಒಂದು ತಡೆ ವಾಲ್ವು ಇಟ್ಟಿರುತ್ತಾರೆ. ಪ್ರಾಣ ಉಳಿಸುವ ವಸ್ತುವೇ. ಆದರೆ ಹಿಡಿಕೆ ಆಡಿಸಿದಾಗ ಪೈಪಿನ ಒತ್ತಡ ಇಳಿದರೂ ಆ ವಾಲ್ವಿನ ಹಿಂದೆ ಸಿಲಿಂಡರಿನಲ್ಲಿರುವ ಒತ್ತಡ ಹಾಗೆಯೇ ಉಳಿಯಬಹುದು. ಪೈಪು ಸಡಿಲವಾಯಿತು, ಎಣ್ಣೆ ಬರಲಿಲ್ಲ, ಇನ್ನು ಹೆದರಿಕೆಯಿಲ್ಲವೆಂದು ವಾಲ್ವಿಗೇ ಪಾನಾ ಹಾಕಿದವನ ಮೇಲೆ ಇಡೀ ಭಾರ ಇಳಿಯುತ್ತದೆ. ಇನ್ನೊಂದು, ಅಕ್ಯುಮುಲೇಟರ್ ಎಂಬ ಉಕ್ಕಿನ ಗುಂಡು ಪಾತ್ರೆ. ಅದರೊಳಗೆ ನೈಟ್ರೋಜನ್ ಅನಿಲ ಸ್ಪ್ರಿಂಗಿನಂತೆ ಎಣ್ಣೆಯನ್ನು ಅದುಮಿಕೊಂಡಿರುತ್ತದೆ. ಯಂತ್ರ ನಿಂತ ಎಷ್ಟೋ ಹೊತ್ತಿನ ಮೇಲೂ ಅದರ ಬಲ ಇಳಿದಿರುವುದಿಲ್ಲ. ಅದನ್ನು ಬರಿದು ಮಾಡಲು ಪ್ರತ್ಯೇಕ ವಾಲ್ವಿರುತ್ತದೆ. ಗೇಜಿನ ಮುಳ್ಳು ಸೊನ್ನೆಗೆ ಬಂದುದನ್ನು ಕಣ್ಣಾರೆ ಕಂಡಲ್ಲದೆ ನಟ್ಟು ಮುಟ್ಟಬಾರದು. ಗೇಜೇ ಇಲ್ಲದ ಯಂತ್ರವಾದರೆ? ನಮ್ಮ ಊರಿನ ಯಂತ್ರಗಳಲ್ಲಿ ಬಹಳಷ್ಟು ಹಾಗೆಯೇ ಇವೆ. ಅಲ್ಲಿ ಭಾರ ನೆಲದ ಮೇಲಿದೆಯೆಂಬುದನ್ನು ಎರಡು ಸಲ ನೋಡಿಕೊಂಡು, ಮುಖವನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿ, ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ಸೋರುವ ಜಾಗ ಹುಡುಕಲು ಬೆರಳು ಬೇಡ, ರಟ್ಟಿನ ಚೂರು ಸಾಕು. ಎಳೆ ಚಿಮ್ಮುತ್ತಿದ್ದರೆ ರಟ್ಟಿನ ಮೇಲೆ ಕಲೆಯಾಗುತ್ತದೆ. ಬೀಡಿ ಕಟ್ಟಿನ ಪೆಟ್ಟಿಗೆಯ ರಟ್ಟಾದರೂ ನಡೆದೀತು. ಎರಡು ಬೆರಳು ಉಳಿಸಲು ಅಂದು ಬೇಕಾಗಿದ್ದ ಬಂಡವಾಳ ಅದು.

ಇನ್ನು ಕಷ್ಟದ ಮಾತು. ಭಾರವನ್ನು ನೆಲಕ್ಕಿಳಿಸಿ ಕೆಲಸ ಮಾಡೆನ್ನುವುದು ಸುಲಭ. ಎಷ್ಟೋ ಕೆಲಸ ಇರುವುದೇ ಎತ್ತಿದ ತೊಟ್ಟಿಯ ಕೆಳಗೆ. ಟಿಪ್ಪರಿನ ಪಂಪು, ಗ್ರೀಸು ನಿಪ್ಪಲು, ಸಿಲಿಂಡರಿನ ಪಿನ್ನು, ಎಲ್ಲಕ್ಕೂ ಒಳಗೆ ತೂರಲೇಬೇಕು. ಪಿ.ಬಿ. ರಸ್ತೆಯುದ್ದಕ್ಕೂ ಇರುವ ಗ್ಯಾರೇಜುಗಳ ಮುಂದೆ ಒಂದು ಮಧ್ಯಾಹ್ನ ನಡೆದು ನೋಡಿ. ತೊಟ್ಟಿ ಆಕಾಶಕ್ಕೆ ಎದ್ದಿದೆ; ಕೆಳಗಿನಿಂದ ಎರಡು ಕಾಲು ಹೊರಗೆ ಕಾಣುತ್ತಿವೆ; ತೊಟ್ಟಿಯನ್ನು ಹಿಡಿದು ನಿಂತದ್ದು ಎಣ್ಣೆ ಮಾತ್ರ. ಕೆಲವರು ಒಂದು ಮರದ ತುಂಡನ್ನು ಆನಿಸಿರುತ್ತಾರೆ. ಅದು ಭಾರ ಹೊರುವುದಕ್ಕಲ್ಲ, ಮನಸ್ಸಿನ ಸಮಾಧಾನಕ್ಕೆ. ಕ್ಯಾಬಿನ್ನಿನಲ್ಲಿ ಕೂತ ಹುಡುಗ ರೇಡಿಯೋ ಹಚ್ಚಲು ಹೋಗಿ ಹಿಡಿಕೆಗೆ ಮೊಣಕೈ ತಗುಲಿಸಿದರೆ ಕೆಳಗಿನವನಿಗೆ ಕೂಗುವಷ್ಟೂ ಹೊತ್ತು ಸಿಗದು.

ಇದಕ್ಕಿರುವ ಉಪಾಯ ಉಕ್ಕಿನ ಊರೆ. ಒಳ್ಳೆಯ ಟಿಪ್ಪರುಗಳಲ್ಲಿ ತೊಟ್ಟಿಯ ಕೆಳಗೆ ಮಡಿಸಿಟ್ಟ ಊರೆಗೋಲು ಬಂದೇ ಇರುತ್ತದೆ. ಬಗ್ಗಿದ್ದರೆ, ಕಳೆದಿದ್ದರೆ ತಿರುಗಿ ಮಾಡಿಸುವವರಿಲ್ಲ. ತೊಟ್ಟಿ ಬರಿದಾಗಿರಬೇಕು, ನೆಲ ಸಮವಾಗಿರಬೇಕು, ಚಕ್ರಗಳಿಗೆ ಅಡ್ಡಗಲ್ಲು ಬಿದ್ದಿರಬೇಕು. ತೊಟ್ಟಿಯನ್ನೆತ್ತಿ ಊರೆ ನಿಲ್ಲಿಸಿದ ಮೇಲೆ, ತೊಟ್ಟಿಯ ತೂಕ ಊರೆಯ ಮೇಲೆ ಕೂರುವವರೆಗೆ ಮೆಲ್ಲಗೆ ಇಳಿಸಬೇಕು. ಆಗ ಭಾರ ಹೊತ್ತದ್ದು ಉಕ್ಕು, ಎಣ್ಣೆಯಲ್ಲ. ಅನಂತರ ಎಂಜಿನ್ ನಿಲ್ಲಿಸಿ, ಹಿಡಿಕೆ ಆಡಿಸಿ ಒತ್ತಡ ಬಿಟ್ಟು, ಕೀಲಿ ಜೇಬಿಗಿಟ್ಟು ಒಳಗೆ ತೂರಬಹುದು. ಜಾಕಿಯ ಮಾತೂ ಇದೇ. ಜಾಕಿ ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಅದರೊಳಗಿನ ಒಂದು ರಬ್ಬರ್ ವಾಷರು ಸವೆದಿದ್ದರೆ ಗಾಡಿ ಕೂದಲಷ್ಟು ಕೂದಲಷ್ಟಾಗಿ ಕೂರುತ್ತದೆ. ಕೆಲವೊಮ್ಮೆ ಒಮ್ಮೆಗೇ ಕೂರುತ್ತದೆ.

ಈಗ ಆ ಗಿರಣಿಯ ಕಾಗದಕ್ಕೆ ಬರೋಣ. ಮೇಲೆ ಹೇಳಿದ ಕ್ರಮಕ್ಕೆಲ್ಲ ಹಿಡಿಯುವ ಹೊತ್ತು ಕಾಲು ಗಂಟೆ, ಬಹಳವೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆ ಯಾರದು? ಲಾರಿ ಹೊರಡುವ ಹೊತ್ತು ಮಾಲಿಕರದು. ಹೇರಿದ ಅಂಡಿಗೆಯ ಲೆಕ್ಕದ ಮೇಲೆ ಹಣ ಎಣಿಸುವುದು ಗುತ್ತಿಗೆದಾರ. ತಡವಾದರೆ ಬೈಗುಳ ತಿನ್ನುವುದು ಮೇಸ್ತ್ರಿ. ಇವರ ಮೂವರ ಅವಸರವೂ ಇಳಿದು ಬಂದು ಕೊನೆಗೆ ನಿಂತದ್ದು ಒಂದು ಹುಡುಗನ ಬೆರಳ ತುದಿಯಲ್ಲಿ. ಅವನಿಗೆ ಗೇಜು ಕೊಟ್ಟಿರಲಿಲ್ಲ, ಬೆಳಕು ಕೊಟ್ಟಿರಲಿಲ್ಲ, ಇದನ್ನು ಹೀಗೆ ಮಾಡಬೇಕೆಂದು ಒಂದು ದಿನವೂ ಕಲಿಸಿರಲಿಲ್ಲ. ಗಿರಣಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರೂ ಇರಲಿಲ್ಲ. ಇಷ್ಟನ್ನೂ ಬಚ್ಚಿಟ್ಟು "ಅಜಾಗರೂಕತೆ" ಎಂದು ಬರೆದವರ ಜಾಗರೂಕತೆಯನ್ನು ಮೆಚ್ಚಲೇಬೇಕು.

ಈ ಮಾತು ಕಂಡು ಕಾರ್ಮಿಕರು ಎದೆಗೆಡಬೇಕಾಗಿಲ್ಲ. 1923ರ ಪರಿಹಾರ ಕಾಯಿದೆಯಲ್ಲಿ ಮಾಲಿಕನು ಪರಿಹಾರದಿಂದ ಜಾರಿಕೊಳ್ಳಲು ಕೆಲಸಗಾರನ ನಡತೆಯಲ್ಲಿ ತೋರಿಸಬಹುದಾಗಿದ್ದ ಕಾರಣಗಳು ಮೂರೇ: ಕುಡಿತ ಅಥವಾ ಮಾದಕ ವಸ್ತುವಿನ ಅಮಲು, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ್ದು, ಸುರಕ್ಷತೆಯ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದು. ಸಾವು ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಸಂಭವಿಸಿದಾಗ ಈ ಮೂರೂ ನಡೆಯುವುದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಬರಿಯ ಅಜಾಗರೂಕತೆ ಆ ಪಟ್ಟಿಯಲ್ಲಿ ಇಲ್ಲ. ಕೊಡದ ಆಜ್ಞೆಯನ್ನು ಮೀರುವುದು ಹೇಗೆ? ಹಾಕದ ಸಾಧನವನ್ನು ತೆಗೆಯುವುದು ಹೇಗೆ? ಇ.ಎಸ್.ಐ.ಗೆ ಸೇರಿದವರಿಗೆ ಕೆಲಸದ ಗಾಯದ ಸವಲತ್ತು ಅಲ್ಲಿಂದಲೇ ಬರತಕ್ಕದ್ದು. ಆದುದರಿಂದ ಅಪಘಾತವಾದ ದಿನ ಮೇಸ್ತ್ರಿ ಮುಂದಿಟ್ಟ ಬಿಳಿ ಕಾಗದಕ್ಕೆ, "ನನ್ನ ತಪ್ಪಿನಿಂದ" ಎಂದು ಬರೆದ ಕಾಗದಕ್ಕೆ, ನೋವಿನ ಭರದಲ್ಲಿ ಯಾರೂ ಹೆಬ್ಬೆಟ್ಟು ಒತ್ತಬಾರದು.

ಕಾಯಿದೆಯ ಸ್ಥಿತಿ ಈಗ ಹೇಗಿದೆಯೆಂಬುದನ್ನೂ ಓದುಗರು ತಿಳಿಯಬೇಕು. ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಕಾರ್ಮಿಕರ ಸುರಕ್ಷತೆ ಮಾಲಿಕರ ಸಾಮಾನ್ಯ ಹೊಣೆಯೆಂದೂ, ಅಪಾಯಕರ ಉತ್ಪಾದನೆಯಲ್ಲಿರುವವರಿಗೆ ಕಣ್ಣೆದುರಿನ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕುಂಟೆಂದೂ ಬರೆದರು. ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಎಚ್ಚರಿಸುವ ಹಕ್ಕು ಅದರಲ್ಲಿ ಎಲ್ಲ ನೌಕರರಿಗೂ ವಿಸ್ತರಿಸಿದೆ. ಮಾಲಿಕರಿಗೆ ಹೇಳುವಾಗಲೇ ಇನ್ಸ್‌ಪೆಕ್ಟರಿಗೂ ತಿಳಿಸಬಹುದು. ಇದು ಒಳ್ಳೆಯದೆಂದು ಒಪ್ಪುತ್ತೇವೆ. ಆದರೆ ಹಿಂದೆ ವಿದ್ಯುತ್ತು ಬಳಸುವ ಕಡೆ 10 ಮಂದಿ ಇದ್ದರೆ ಕಾರ್ಖಾನೆಯೆನ್ನಿಸಿಕೊಳ್ಳುತ್ತಿದ್ದುದು ಈಗ 20 ಮಂದಿಯಾಗಿದೆ. ವಿದ್ಯುತ್ತಿಲ್ಲದ ಕಡೆ 20 ಇದ್ದುದು 40 ಆಗಿದೆ. ಸಂಹಿತೆಯ ಸಾಮಾನ್ಯ ಕರ್ತವ್ಯಗಳೂ ಮುಖ್ಯವಾಗಿ 10 ಮತ್ತು ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಕಡೆಗೇ. ಮೂವರು ನಾಲ್ವರು ದುಡಿಯುವ ರಸ್ತೆಬದಿಯ ಗ್ಯಾರೇಜು, ಎಂಟು ಜನರ ಅಕ್ಕಿ ಗಿರಣಿ, ಇವುಗಳ ಗತಿಯೇನು? ತೊಟ್ಟಿ ಬೀಳುವಾಗ ಕೆಳಗೆ ಎಷ್ಟು ಮಂದಿಯ ಹಾಜರಿಯಿದೆಯೆಂದು ಎಣಿಸಿ ಬೀಳುತ್ತದೆಯೆ? ಇನ್ಸ್‌ಪೆಕ್ಟರಿನ ಹೆಸರಿಗೂ ಈಗ "ಅನುಕೂಲ ಮಾಡಿಕೊಡುವವ" ಎಂಬ ಬಾಲ ಅಂಟಿದೆ. ಯಾರ ಅನುಕೂಲವೆಂಬುದನ್ನು ಮುಂದೆ ನೋಡಬೇಕು.

ಬೀಗದ ಮಾತನ್ನು ಮೇಲೆ ಹಾರಿಸಿಕೊಂಡು ಬಂದೆವು, ಅದನ್ನು ಸ್ವಲ್ಪ ವಿವರಿಸಬೇಕು. ಅಮೆರಿಕೆಯಲ್ಲಿ 1989ರಲ್ಲಿ ಒಂದು ನಿಯಮ ಮಾಡಿದರು: ಯಂತ್ರ ರಿಪೇರಿಗೆ ಇಳಿಯುವವನು ಅದರ ಶಕ್ತಿಯ ಮೂಲಕ್ಕೆ, ವಿದ್ಯುತ್ತಾಗಲಿ ಎಣ್ಣೆಯ ಒತ್ತಡವಾಗಲಿ, ಬೀಗ ಹಾಕಿ ಹೆಸರಿನ ಚೀಟಿ ಕಟ್ಟಬೇಕು, ಒಳಗೆ ಉಳಿದ ಶಕ್ತಿಯನ್ನು ಬರಿದು ಮಾಡಬೇಕು, ಆ ಬೀಗವನ್ನು ಸಾಮಾನ್ಯವಾಗಿ ಹಾಕಿದವನೇ ತೆಗೆಯಬೇಕು. ಬಂಡವಾಳಶಾಹಿಯ ತವರಿನಲ್ಲಿ ಇಂಥದೊಂದು ನಿಯಮ ಬಂದಿತೆಂದರೆ ಅಲ್ಲಿ ಎಷ್ಟು ಕೈಕಾಲು ಹೋದ ಮೇಲೆ ಬಂದಿರಬೇಕೆಂದು ಊಹಿಸಿಕೊಳ್ಳಬಹುದು.

ಚೀಟಿ ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ತಲುಪದಿದ್ದರೆ ಏನಾಗುತ್ತದೆಂಬುದಕ್ಕೆ 1988ರ ಜುಲೈ 6ರ ರಾತ್ರಿ ಸಾಕ್ಷಿ. ಸ್ಕಾಟ್ಲೆಂಡಿನ ಬಳಿ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲಕಟ್ಟೆಯಿತ್ತು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆ ಬಿಚ್ಚಿ, ಆ ಬಾಯಿಗೆ ತಾತ್ಕಾಲಿಕವಾಗಿ ಒಂದು ತಟ್ಟೆ ಮುಚ್ಚಿ ಹೋಗಿದ್ದರು. ರಾತ್ರಿ ಇನ್ನೊಂದು ಪಂಪು ನಿಂತಿತು. ವಾಲ್ವು ಬಿಚ್ಚಿದ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಿರಲಿಲ್ಲ. ಅವರು ಮೊದಲಿನ ಪಂಪನ್ನೇ ಹಚ್ಚಿದರು. ಮುಚ್ಚಿದ ಬಾಯಿಯಿಂದ ಅನಿಲ ಸೋರಿ ಸಿಡಿಯಿತು. 167 ಜನ ಸತ್ತರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ ಕೊಟ್ಟ ವರದಿಯಲ್ಲಿ ಕೆಲಸದ ಪರವಾನಗಿ ಚೀಟಿಯ ವ್ಯವಸ್ಥೆ, ಪಾಳಿ ಬದಲಾಗುವಾಗ ಸುದ್ದಿ ಒಪ್ಪಿಸುವ ರೀತಿ, ಇವೆರಡರ ಲೋಪವನ್ನೂ ಎತ್ತಿ ತೋರಿಸಿದರು. ಅಲ್ಲಿ ಇದ್ದದ್ದು ಅನಿಲದ ಒತ್ತಡ, ಇಲ್ಲಿರುವುದು ಎಣ್ಣೆಯದು. ಬಿಚ್ಚಿಟ್ಟ ಯಂತ್ರದ ಸುದ್ದಿಯನ್ನು ಟೀ ಅಂಗಡಿಯಲ್ಲಿ ಬಾಯಿಮಾತಿನಿಂದ ಒಪ್ಪಿಸುವ ಪದ್ಧತಿ ಮಾತ್ರ ನಮ್ಮ ಗಿರಣಿಗಳಲ್ಲಿ ಇಂದಿಗೂ ಇದೆ.

ನಮ್ಮವರ ತಪ್ಪನ್ನೂ ಹೇಳದಿದ್ದರೆ ಈ ಬರೆಹ ಅಪ್ರಾಮಾಣಿಕವಾದೀತು. ಹಳೆಯ ಫಿಟ್ಟರುಗಳಲ್ಲಿ ಒಂದು ಹಮ್ಮಿದೆ. ಊರೆ ಕೊಡದೆ ತೊಟ್ಟಿಯ ಕೆಳಗೆ ನುಗ್ಗುವವನೇ ಗಂಡು, ರಟ್ಟು ಹಿಡಿದು ಸೋರಿಕೆ ಹುಡುಕುವವನು ಹೆಂಗರುಳು ಎಂದು ಹೊಸ ಹುಡುಗರನ್ನು ಹಾಸ್ಯ ಮಾಡುತ್ತಾರೆ. ಆ ನಗೆಯ ಲಾಭ ಸೇರುವುದು ಮಾಲಿಕರಿಗೇ ಎಂದು ಅವರಿಗೆ ಹೊಳೆಯುವುದಿಲ್ಲ. ಸಂಘಗಳ ಮುಂದಾಳುಗಳಾದ ನಾವಾದರೂ ಏನು ಮಾಡಿದ್ದೇವೆ? ಬೋನಸ್ಸಿಗೆ ಗೇಟಿನ ಮುಂದೆ ಕೂತಿದ್ದೇವೆ, ಸತ್ತವನ ಹೆಂಡತಿಗೆ ಪರಿಹಾರ ಕೇಳಿದ್ದೇವೆ. ಒಂದು ಗೇಜಿಗಾಗಿ, ಒಂದು ಜೊತೆ ಊರೆಗಾಗಿ ಬೇಡಿಕೆ ಪತ್ರ ಬರೆದದ್ದು ನೆನಪಿಗೆ ಬರುವುದಿಲ್ಲ.

ಸಣ್ಣ ವ್ಯಾಪಾರಿಗಳಾದ ಓದುಗರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಸಾಲ ಮಾಡಿ ಟಿಪ್ಪರೋ ಟ್ರ್ಯಾಕ್ಟರೋ ತೆಗೆದಿದ್ದೀರಿ. ತಿಂಗಳ ಕಂತು ತಪ್ಪಿದರೆ ಗಾಡಿ ಎಳೆದೊಯ್ಯುತ್ತಾರೆಂಬ ಭಯ ನಮಗೆ ಗೊತ್ತಿಲ್ಲದ್ದಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳದಲ್ಲಿ ಗಾಡಿ ಒಂದು ದಿನ ನಿಂತರೆ ಆ ತಿಂಗಳ ಲೆಕ್ಕವೇ ತಪ್ಪುತ್ತದೆ. ಆದರೆ ನಿಮ್ಮ ಕ್ಲೀನರ್ ಹುಡುಗನನ್ನು "ಹೋಗೋ, ಕೆಳಗೆ ನೋಡಿ ಬಾ" ಎಂದು ಕಳಿಸುವ ಗಳಿಗೆಯಲ್ಲಿ ನೀವೂ ಧಣಿಯೇ. ದೊಡ್ಡ ಗಿರಣಿಯವರ ಹಿಂದೆ ವಕೀಲರಿದ್ದಾರೆ. ನಿಮ್ಮ ಹಿಂದೆ ಇರುವುದು ಕಂತಿನ ಪುಸ್ತಕ ಮಾತ್ರ. ತೊಟ್ಟಿ ಬಿದ್ದರೆ ಹುಡುಗನ ಮನೆಯ ಜೊತೆ ನಿಮ್ಮ ಮನೆಯೂ ಮುರಿಯುತ್ತದೆ. ಊರೆಯನ್ನು ಗಾಡಿಯ ತೂಕಕ್ಕೆ ತಕ್ಕಂತೆ, ತಿಳಿದವರಿಂದ ಮಾಡಿಸಿ. ಗುಜರಿಯ ಪೈಪು ಕತ್ತರಿಸಿ ವೆಲ್ಡಿಂಗ್ ಮಾಡಿಸಿದ ಊರೆ ಮರದ ತುಂಡಿಗಿಂತ ಹೆಚ್ಚು ಮೋಸ ಮಾಡುತ್ತದೆ. ನಾಲ್ಕು ಜನ ಗಾಡಿ ಮಾಲಿಕರು ಸೇರಿ ಒಂದು ಗೇಜು ಕೊಂಡರೆ ಯಾರ ಹೊಟ್ಟೆಯೂ ಒಡೆಯುವುದಿಲ್ಲ.

ಆ ಗಿರಣಿಯ ವಿಷಯದಲ್ಲಿ ನಮ್ಮ ಬೇಡಿಕೆ ಬಹಳ ದೊಡ್ಡದೇನಲ್ಲ. ಕಾಗದದಿಂದ ಆ ಒಂದು ಮಾತನ್ನು ಹೊಡೆದು, ಭಾರ ಇಳಿಸದೆ ರಿಪೇರಿಗೆ ಹಚ್ಚಿದರೆಂದು ಬರೆಯಬೇಕು. ಎತ್ತುವ ಯಂತ್ರಗಳ ರಿಪೇರಿಗೆ ಮೊದಲು ಒತ್ತಡ ಇಳಿಸುವ ಹೊತ್ತನ್ನು ಕೂಲಿಯ ಹೊತ್ತೆಂದೇ ಲೆಕ್ಕ ಹಾಕಬೇಕು. ಯಂತ್ರದ ಪುಸ್ತಕದಲ್ಲಿರುವ ಕ್ರಮವನ್ನು ಕನ್ನಡದಲ್ಲಿ ಬರೆಸಿ ಯಂತ್ರದ ಮೈಮೇಲೆಯೇ ಅಂಟಿಸಬೇಕು. ಗುತ್ತಿಗೆಯ ಫಿಟ್ಟರಾದರೂ ಕೀಲಿಯೂ ಬೀಗವೂ ಅವನ ಕೈಯಲ್ಲಿರಬೇಕು; ಅವನು "ಇಳಿಸಿ" ಎಂದರೆ ಇಳಿಸಬೇಕು. ಹೊರಗೆ ಲಾರಿ ಎರಡಿರಲಿ, ಇಪ್ಪತ್ತಿರಲಿ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಂಘದ ಕಚೇರಿಯ ಹಿಂದಿನ ಬಯಲಿನಲ್ಲಿ ಒಂದು ಟಿಪ್ಪರು ನಿಲ್ಲಿಸಿ, ಊರೆ ಕೊಡುವುದನ್ನೂ ಒತ್ತಡ ಬಿಡುವುದನ್ನೂ ಗೇಜು ನೋಡುವುದನ್ನೂ ಮಾಡಿ ತೋರಿಸುವ ಏರ್ಪಾಟಾಗಿದೆ. ಗಿರಣಿಯವರು, ಗ್ಯಾರೇಜಿನವರು, ಗಾಡಿ ಇರುವ ವ್ಯಾಪಾರಿಗಳು ಯಾರು ಬೇಕಾದರೂ ಬರಬಹುದು, ಶುಲ್ಕವಿಲ್ಲ. ತಮ್ಮ ಜಾಕಿಗಳನ್ನು ತಂದವರಿಗೆ ಅವು ಭಾರ ಹಿಡಿದು ನಿಲ್ಲುತ್ತವೆಯೋ ಕೂರುತ್ತವೆಯೋ ನೋಡಿ ಹೇಳಲಾಗುವುದು. ಎಡಗೈಗೆ ಇನ್ನೂ ಪಟ್ಟಿ ಇರುವ ಆ ಹುಡುಗನೂ ಬರುವೆನೆಂದಿದ್ದಾನೆ; ಗೇಜು ಹಿಡಿದು ತೋರಿಸುವವನು ಅವನೇ.